ಸೇನಾಪತಿಯ ಹನ್ನೆರಡು ವರ್ಷಗಳು

ಕೆಲ್ಲಿವಿಲ್, ಸಿಡ್ನಿ
3 ನವೆಂಬರ್ 2024

ಪ್ರೀತಿಯ ಅಪ್ಪನಿಗೆ ಶ್ರದ್ಧಾಳ ನಮಸ್ಕಾರಗಳು.

ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧ ಕೇಳುವುದಿಲ್ಲ. ಉಳಿದರ್ಧವನ್ನು ನೀವೇ ಕಟ್ಟಿಕೊಂಡು ನಿಮ್ಮ ಕನ್ನಡ ಸಂಘದ ಧನರಾಜಣ್ಣನಿಗೆ ಹೇಳಿಬಿಡುತ್ತೀರಿ. ಇಮೇಲ್ ಹಾಕಿದರೆ ನನ್ನ ಆಫೀಸಿನವರೆಲ್ಲ ಓದುತ್ತಾರೆ. ಕನ್ನಡದ ಕಾಗದವನ್ನು ಮಾತ್ರ ಅಲ್ಲಿ ಯಾರೂ ಓದಲಾರರು. ಅದಕ್ಕೇ ಬರೆಯುತ್ತಿದ್ದೇನೆ.

ಸುದ್ದಿ ಇದು: ಮುಂದಿನ ವರ್ಷದ ಚುನಾವಣೆಗೆ ಪಾರ್ಟಿಯವರು ನನ್ನನ್ನು ದೇಶದ ಪಾರ್ಲಿಮೆಂಟಿಗೆ ನಿಲ್ಲಿಸುತ್ತಿದ್ದಾರೆ. ಸುಮಾರು ಆರು ವರ್ಷ ರಾಜ್ಯದ ಶಾಸಕಿಯಾಗಿ ರಸ್ತೆ, ಶಾಲೆ, ಮೆಟ್ರೋ ಎಂದು ಓಡಾಡಿದ್ದಾಯಿತು. ಗೆದ್ದರೆ ಇನ್ನು ಕ್ಯಾನ್‌ಬೆರಾ.

ಕುಣಿಯುವ ಮೊದಲು ಒಂದು ಕೆಲಸವಿದೆ. ರಾಜ್ಯದ ಪಾರ್ಲಿಮೆಂಟಿಗೆ ಎರಡು ದೇಶಗಳ ಪ್ರಜೆಯಾದರೂ ನಡೆಯುತ್ತದೆ. ದೇಶದ ಪಾರ್ಲಿಮೆಂಟಿಗೆ ನಡೆಯುವುದಿಲ್ಲ. ಗೊತ್ತಿಲ್ಲದೆ ಅಂಟಿಕೊಂಡ ಪೌರತ್ವ ಇದ್ದರೂ ಗೆದ್ದ ಸೀಟು ಹೋಗುತ್ತದೆ, ಕೋರ್ಟಿಗೆ ಅಲೆಯಬೇಕಾಗುತ್ತದೆ. ಅಪ್ಪ ಅಮ್ಮನ ಪೌರತ್ವ ಮಕ್ಕಳಿಗೆ ತಾನಾಗಿಯೇ ಬರುವ ದೇಶಗಳು ಬಹಳ ಇವೆಯಂತೆ. ಅದಕ್ಕೆ ಒಂದು ಫಾರ್ಮ್ ಇದೆ. ನಾನು ಮೆಲ್ಬರ್ನಿನಲ್ಲಿ ಹುಟ್ಟಿದ್ದು 1985ರಲ್ಲಿ. ಆಗ ನೀವು ಯಾವ ದೇಶದ ಪ್ರಜೆ? ಅಮ್ಮ ಯಾವ ದೇಶದವಳು? ಇಬ್ಬರೂ ಭಾರತ ತಾನೆ? ಒಂದು ಸಾಲು ಬರೆದು ಸಹಿ ಹಾಕಿ ಕಳಿಸಿ. ನನ್ನ ಲಾಯರ್ ನಿವೇದಿತಾ ಕಾಯುತ್ತಿದ್ದಾಳೆ.

ನಿಮ್ಮ ಅಳಿಯ ಜಯೇಶ್ ನಮಸ್ಕಾರ ಹೇಳಿದ್ದಾನೆ. ದೀಕ್ಷಿತಾ ಶಾಲೆಗೆ 'ನನ್ನ ಅಜ್ಜ' ಎಂಬ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ಅಮ್ಮ ಇದ್ದಿದ್ದರೆ ಇವತ್ತು ಪಾಯಸ ಮಾಡುತ್ತಿದ್ದಳು.

ನಿಮ್ಮ ಮಗಳು,
ಶ್ರದ್ಧಾ


ಕೋಬರ್ಗ್, ಮೆಲ್ಬರ್ನ್
12 ನವೆಂಬರ್ 2024

ಮಗಾ ಶ್ರದ್ಧಾ, ನನ್ನ ಕುಲದೀಪವೇ!

ಬಾರಿಸಿ ನಗಾರಿ! ಊದಿ ಕಹಳೆ! ನಿನ್ನ ಕಾಗದ ಓದಿ ನಾನು ಕೋಬರ್ಗಿನ ಈ ಎರಡು ಕೋಣೆಯ ಮನೆಯಲ್ಲಿ ಎದ್ದು ನಿಂತು ನನ್ನ ನಾಟಕದ ಸೇನಾಪತಿ ಉಗ್ರಬಾಹುವಿನ ಜಯಘೋಷವನ್ನು ಪೂರ್ತಿ ಹೇಳಿದೆ. ಪಕ್ಕದ ಗ್ರೀಕ್ ಮುದುಕಿ ಬಾಗಿಲು ತಟ್ಟಿ, ಏನಾಯಿತೆಂದು ಕೈಸನ್ನೆಯಲ್ಲಿ ಕೇಳಿದಳು. "ಮೈ ಡಾಟರ್! ಕ್ಯಾನ್‌ಬೆರಾ!" ಅಂದೆ. ಪಾಪ, ನೀನು ಆಸ್ಪತ್ರೆ ಸೇರಿದ್ದೀಯೆಂದು ತಿಳಿದು ಒಂದು ತಟ್ಟೆ ಕೇಕು ತಂದುಕೊಟ್ಟಳು.

ಹುಡುಗಿ, ನಿನ್ನಲ್ಲಿ ಈ ಧೈರ್ಯ ಎಲ್ಲಿಂದ ಬಂತು? ಹನ್ನೆರಡು ವರ್ಷ ಸರ್ವಮಂಗಳಾ ನಾಟಕ ಮಂಡಳಿಯ ಡೇರೆಯಲ್ಲಿ, ಊರಿಂದೂರಿಗೆ, ಕ್ಯಾಂಪಿನಿಂದ ಕ್ಯಾಂಪಿಗೆ ಅಲೆದ ಈ ರಕ್ತದಿಂದ! ನಗಾರಿಯ ಪಕ್ಕದಲ್ಲೇ ನಿಂತು ನಿಂತು ಕಿವಿ ಕಳೆದುಕೊಂಡೆ, ಆದರೆ ದನಿ ಕಳೆದುಕೊಂಡೆನೇ? ನೀನೇ ರಾಜ್ಯದ ಪಾರ್ಲಿಮೆಂಟಿನ ಮೊದಲ ಭಾಷಣದಲ್ಲಿ ಹೇಳಲಿಲ್ಲವೇ, "ಡೇರೆಯೊಳಗೆ ರಾಜನಾಗಿ, ಡೇರೆಯ ಹೊರಗೆ ಹಸಿದು ಮಲಗಿದ ಕಲಾವಿದನ ಮಗಳು ನಾನು" ಎಂದು? ಆ ಮಾತಿನ ಪ್ರತಿಯನ್ನು ಸಂಘದವರು ಕಟ್ಟು ಹಾಕಿಸಿ ಕೊಟ್ಟಿದ್ದು ಗೋಡೆಯ ಮೇಲೆ ಇದೆ. ದಿನವೂ ಒರೆಸುತ್ತೇನೆ.

ಇನ್ನು ನಿನ್ನ ಫಾರ್ಮು. ಕಲಾವಿದನಿಗೆ ಯಾವ ದೇಶ, ಮಗಾ? ಪ್ರೇಕ್ಷಕ ಇದ್ದಲ್ಲೇ ಅವನ ದೇಶ. ನಿನ್ನ ಅಮ್ಮ ರಾಜೀವಿ ಉಡುಪಿಯವಳು, ಭಾರತದವಳು. ನಾನೂ ಭಾರತದಲ್ಲೇ ಹುಟ್ಟಿದವನು ಎಂದು ಬರಿ.

ಗೆದ್ದು ಬಾ!

ರಂಗಕೇಸರಿ ಕಮಲಾಕ್ಷ


ಕೆಲ್ಲಿವಿಲ್
28 ನವೆಂಬರ್ 2024

ಪ್ರೀತಿಯ ಅಪ್ಪ,

ನಿಮ್ಮ ಕಾಗದವನ್ನು ಮೆಟ್ರೋದಲ್ಲಿ ಓದಿ ಒಬ್ಬಳೇ ನಕ್ಕೆ. ಆದರೆ ಫಾರ್ಮಿನಲ್ಲಿ 'ಪ್ರೇಕ್ಷಕ ಇದ್ದಲ್ಲಿ' ಎಂದು ಬರೆಯುವಂತಿಲ್ಲ. ಎಲ್ಲಿ ಹುಟ್ಟಿದಿರಿ ಎಂದಲ್ಲ ನಾನು ಕೇಳಿದ್ದು. ನಾನು ಹುಟ್ಟಿದ ದಿನ ನಿಮ್ಮ ಕೈಯಲ್ಲಿ ಯಾವ ದೇಶದ ಪಾಸ್‌ಪೋರ್ಟ್ ಇತ್ತು? ಹಳೆಯ ಭಾರತದ ಪಾಸ್‌ಪೋರ್ಟ್ ಇದ್ದರೆ ಅದರ ಫೋಟೋ ತೆಗೆದು ಕಳಿಸಿ. ನಿವೇದಿತಾ ಬಿಡುವವಳಲ್ಲ. "ಅಪ್ಪ ಹೇಳಿದರು ಅನ್ನೋದು ಎವಿಡೆನ್ಸ್ ಅಲ್ಲ ಕಣೇ," ಅನ್ನುತ್ತಾಳೆ.

ಇನ್ನೊಂದು ವಿಷಯ, ಬೇಜಾರು ಮಾಡಿಕೊಳ್ಳಬೇಡಿ. ದೀಕ್ಷಿತಾಳ ಪ್ರಾಜೆಕ್ಟಿಗೆ ಕಂಪನಿಯ ಒಂದು ಫೋಟೋ ಬೇಕಿತ್ತು. ಅವಳು ಹುಡುಕಿದಳು, ನಾನು ಹುಡುಕಿದೆ, ಜಯೇಶ್ ಬೆಂಗಳೂರಿನ ಲೈಬ್ರರಿಯೊಂದಕ್ಕೂ ಬರೆದ. ಸರ್ವಮಂಗಳಾ ನಾಟಕ ಮಂಡಳಿಯ ಹೆಸರು ಒಂದು ಕರಪತ್ರದಲ್ಲೂ ಇಲ್ಲ. "ಮಮ್, ಇಟ್ ಡಸಂಟ್ ಎಗ್ಸಿಸ್ಟ್," ಅಂದಳು ನಿಮ್ಮ ಮೊಮ್ಮಗಳು. ಹನ್ನೆರಡು ವರ್ಷದವಳ ಬಾಯಿ, ಗೊತ್ತಲ್ಲ. ಬೈದೆ. ಆದರೂ ಒಂದು ಟಿಕೆಟ್ಟೋ, ಒಂದು ಫೋಟೋವೋ ಇದ್ದರೆ ಕಳಿಸಿ.

ಶ್ರದ್ಧಾ


ಕೋಬರ್ಗ್
15 ಡಿಸೆಂಬರ್ 2024

ಶ್ರದ್ಧಾ,

ಸಂಶಯವೇ? ಹೆತ್ತ ತಂದೆಯ ಮೇಲೆ ಸಂಶಯವೇ? ಈ ಎಪ್ಪತ್ತೈದರ ಕಿವುಡನನ್ನು ಕಟಕಟೆಯಲ್ಲಿ ನಿಲ್ಲಿಸಿ ಮಗಳು, ಅಳಿಯ, ಮೊಮ್ಮಗಳು, ಸಾಲದ್ದಕ್ಕೆ ಒಬ್ಬ ಲಾಯರಮ್ಮ, ನಾಲ್ಕೂ ಜನ ಸೇರಿ ವಿಚಾರಣೆ ನಡೆಸುತ್ತೀರಾ?

ಪಾಸ್‌ಪೋರ್ಟ್ ಮನೆ ಬದಲಾಯಿಸುವಾಗ ಕಳೆದುಹೋಯಿತು. ಫೋಟೋ ತೆಗೆಸುವಷ್ಟು ಅನುಕೂಲ ಕಂಪನಿಯವರಿಗೆ ಎಲ್ಲಿತ್ತು? ನಿನ್ನ ಗೂಗಲ್ ಹುಟ್ಟುವ ಮೊದಲೇ ಡೇರೆ ಮುಚ್ಚಿದವರು ಅವರು. ಭಾರತ ಎಂದು ಬರಿ, ಸಹಿ ಹಾಕು, ಮುಗಿಸು.

ಈಚೆಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆ ಎದ್ದವನೇ ಹೊಳೆದಂಡೆಗೆ ಹೋಗಿ ಅತ್ತಿಂದಿತ್ತ ನಡೆಯುತ್ತೇನೆ. ಆಮೇಲೆ ಟ್ರಾಮ್ ಹತ್ತಿ, ಇಪ್ಪತ್ತು ವರ್ಷ ನಾನೇ ಓಡಿಸಿದ ದಾರಿಯಲ್ಲಿ ಪೇಟೆಯವರೆಗೆ ಹೋಗಿ, ಇಳಿಯದೆ ವಾಪಸು ಬರುತ್ತೇನೆ. ನಿನ್ನೆ ಮೂರು ಸಲ ಹೋಗಿ ಬಂದೆ. ಡ್ರೈವರ್ ಹುಡುಗಿ, "ಯು ಲಾಸ್ಟ್, ಡಾರ್ಲಿಂಗ್?" ಎಂದು ಕೇಳಿದಳು.

ಕಮಲಾಕ್ಷ


ಕೆಲ್ಲಿವಿಲ್
14 ಜನವರಿ 2025

ಅಪ್ಪ,

ಒಂದು ತಿಂಗಳು ಬರೆಯಲಿಲ್ಲ. ಬರೆದು ಹರಿದೆ.

ಜನವರಿ ಕೊನೆಗೆ ನಾನು ಆ ಫಾರ್ಮಿಗೆ ಸಹಿ ಹಾಕಬೇಕು. ನೀವು ಹೇಳಿದ ಹಾಗೆ 'ಭಾರತ' ಎಂದು ಬರೆದು ಅದು ಸುಳ್ಳಾದರೆ ಮೊದಲು ಹೋಗುವುದು ಸೀಟು, ಆಮೇಲೆ ನನ್ನ ಮಾತಿನ ಮೇಲೆ ಜನ ಇಟ್ಟ ನಂಬಿಕೆ. ನಿಜ ಬೇರೆ ಇದ್ದು ಈಗಲೇ ಗೊತ್ತಾದರೆ ಆ ಪೌರತ್ವವನ್ನು ಬಿಡಲು ಸಮಯವಿದೆ. ಏಪ್ರಿಲಿನ ಹೊತ್ತಿಗೆ ನಾಮಿನೇಷನ್ ಬರುತ್ತದೆ ಅನ್ನುತ್ತಾರೆ. ಅಷ್ಟರೊಳಗೆ ಬಿಡುಗಡೆಯ ಪತ್ರ ನನ್ನ ಕೈಯಲ್ಲಿರಬೇಕು. ಆಮೇಲೆ ಗೊತ್ತಾದರೆ ಪ್ರಯೋಜನವಿಲ್ಲ.

ನೆನಪಿದೆಯಾ ಅಪ್ಪ, ನಾನು ಕನ್ನಡ ಓದಲು ಕಲಿತದ್ದೇ ನಿಮ್ಮ ಪ್ರಾಂಪ್ಟರ್ ಆಗಿ. ಸಂಘದ ಹಾಲಿನ ಸೈಡ್ ವಿಂಗಿನಲ್ಲಿ, ಎಂಟು ವರ್ಷದವಳು, ಪುಸ್ತಕ ಹಿಡಿದು ನಿಲ್ಲುತ್ತಿದ್ದೆ. ನೀವು ಕಲಿಸಿದ ನಿಯಮ ಒಂದೇ: "ನಟ ಮರೆತು ನಿಂತ ತಕ್ಷಣ ಮಾತು ಕೊಡಬೇಡ. ಕಾಯಿ. ನಿಜಕ್ಕೂ ಸಿಕ್ಕಿಹಾಕಿಕೊಂಡಿದ್ದಾನೆ ಅನಿಸಿದಾಗ ಮೊದಲ ಪದ ಮಾತ್ರ ಕೊಡು. ಉಳಿದದ್ದು ಅವನದು."

ನವೆಂಬರಿನಿಂದ ಕಾದಿದ್ದೇನೆ. ಅಮ್ಮ ಆಸ್ಪತ್ರೆಯಲ್ಲಿ ಕೊನೆಯ ವಾರ ಒಂದು ಮಾತು ಹೇಳಿದ್ದಳು. "ನಿನ್ನ ಅಪ್ಪನ ಬಣ್ಣದ ಪೆಟ್ಟಿಗೆಯ ತಳದಲ್ಲಿ ಉಂಟು. ಅವರೇ ಹೇಳ್ಬೇಕು, ನಾನು ಹೇಳುದಲ್ಲ." ಏನು ಉಂಟು ಎಂದು ಕೇಳಿದೆ. ಮುಖ ತಿರುಗಿಸಿದಳು. ಮೂರು ವರ್ಷವಾಯಿತು, ನಾನೂ ಕೇಳಲಿಲ್ಲ.

ಮೊದಲ ಪದ ಕೊಡುತ್ತಿದ್ದೇನೆ: ಪೆಟ್ಟಿಗೆ.

ಶ್ರದ್ಧಾ


ಕೋಬರ್ಗ್
27 ಜನವರಿ 2025

ಮಗಾ,

ಪರದೆ ಎತ್ತುತ್ತಿದ್ದೇನೆ. ಹಿಂದೆ ಅರಮನೆಯಿಲ್ಲ, ಬಣ್ಣ ಬಳಿದ ಕಾಡಿಲ್ಲ. ಮಸಿ ಹಿಡಿದ ಒಂದು ಇಟ್ಟಿಗೆ ಗೋಡೆ ಇದೆ, ಅಷ್ಟೇ.

ಸರ್ವಮಂಗಳಾ ನಾಟಕ ಮಂಡಳಿ ಎಂಬುದು ಇರಲೇ ಇಲ್ಲ. ನಿನ್ನ ಮಗಳು ಸರಿ ಹೇಳಿದಳು.

1972ರಲ್ಲಿ ನಾನು ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಭಟ್ಟಿಯ ಕೆಲಸದವನು. ಯಂತ್ರ ಜೋಡಿಸಲು ಬಂದಿದ್ದ ಒಬ್ಬ ಜರ್ಮನ್ ಮೇಸ್ತ್ರಿ ನಾನು ಬೆಂಕಿಯ ಬಣ್ಣ ನೋಡಿಯೇ ಬಿಸಿ ಎಷ್ಟೆಂದು ಹೇಳುವುದನ್ನು ಕಂಡ. "ಬರುತ್ತೀಯಾ?" ಎಂದ. ಹೋದೆ. ರೈನ್ ನದಿಯಿಂದ ಒಂದು ಗಂಟೆ ದೂರದ ಸಣ್ಣ ಊರು, ಅಲ್ಲಿಯೂ ಹಂಚಿನ ಕಾರ್ಖಾನೆ. ಹನ್ನೆರಡು ವರ್ಷ. ನಾನು ಡೇರೆಯಲ್ಲಿ ಕಳೆದೆನೆಂದು ಹೇಳುತ್ತಾ ಬಂದ ಹನ್ನೆರಡು ವರ್ಷ ಅದೇ. ಹತ್ತನೇ ವರ್ಷ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಅವರದನ್ನು ತೆಗೆದುಕೊಂಡೆ. ಮರುವರ್ಷ ಊರಿಗೆ ಹೋಗಿ ನಿನ್ನ ಅಮ್ಮನನ್ನು ಮದುವೆಯಾದೆ. 1984ರಲ್ಲಿ ಇಲ್ಲಿನ ಇಟ್ಟಿಗೆ ಕಾರ್ಖಾನೆಗೆ ಭಟ್ಟಿ ಗೊತ್ತಿದ್ದವನು ಬೇಕಾಗಿತ್ತು, ಇಬ್ಬರೂ ಬಂದೆವು. ನೀನು ಹುಟ್ಟಿದಾಗ ನಾನು ಜರ್ಮನಿಯ ಪ್ರಜೆ. ಆಸ್ಟ್ರೇಲಿಯಾದವನಾದದ್ದು ನಿನಗೆ ಐದು ತುಂಬಿದ ಮೇಲೆ.

ನಾಟಕ ಎಲ್ಲಿಂದ ಬಂತು ಎಂದು ಕೇಳುತ್ತೀಯ. ಹುಡುಗನಾಗಿದ್ದಾಗ ಒಂದು ಕಂಪನಿ ನಾಟಕವನ್ನು ಮೂರು ಸಲ ನೋಡಿದ್ದೆ. ಡೇರೆಯ ಬಾಗಿಲಲ್ಲಿ ಆಟದ ಪುಸ್ತಕ ಮಾರುತ್ತಿದ್ದರು, ಕೊಂಡಿದ್ದೆ. ಜರ್ಮನಿಗೆ ಹೋಗುವಾಗ ಬಟ್ಟೆಯ ನಡುವೆ ಅದೊಂದಿತ್ತು. ಆ ಊರಿನಲ್ಲಿ ನನ್ನ ಮಾತು ಬಲ್ಲವರು ಒಬ್ಬರೂ ಇರಲಿಲ್ಲ. ಭಟ್ಟಿಯ ಮುಂದೆ ಎರಡಾಳೆತ್ತರದ ಫ್ಯಾನುಗಳು ಗರ್ಜಿಸುತ್ತಿದ್ದವು. ಅವುಗಳ ಎದುರು ನಿಂತು ಸೇನಾಪತಿ ಉಗ್ರಬಾಹುವಿನ ಮಾತು ಹೇಳುತ್ತಿದ್ದೆ. ಫ್ಯಾನಿಗಿಂತ ಜೋರಾಗಿ ಹೇಳಿದರೆ ಮಾತ್ರ ನನ್ನ ಕನ್ನಡ ನನಗೆ ಕೇಳುತ್ತಿತ್ತು! ಪಾಳಿಗೆ ಒಮ್ಮೆ, ಹನ್ನೆರಡು ವರ್ಷ. ಕೇಳುಗ ಒಬ್ಬನೇ, ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬ ತುರ್ಕಿಯವ. ಒಂದು ಪದ ಅರ್ಥವಾಗದಿದ್ದರೂ ಸೇನಾಪತಿ ಸಾಯುವಲ್ಲಿಗೆ ಬಂದಾಗ ಅವನು ಟೋಪಿ ತೆಗೆಯುತ್ತಿದ್ದ. ನನ್ನ ಈ ದನಿ ಬೆಳೆದದ್ದು ಅಲ್ಲಿ. ಕಿವಿ ಹೋದದ್ದೂ ಅಲ್ಲಿಯೇ. ನಗಾರಿಯಲ್ಲ, ಫ್ಯಾನು.

ಸುಳ್ಳು ಹುಟ್ಟಿದ್ದು 1986ರಲ್ಲಿ. ಸಂಘ ಅಂದರೆ ಆಗ ಹದಿನಾಲ್ಕು ಮನೆ. ಅದೇ ನಾಟಕ ಆಡುತ್ತಿದ್ದರು. ಸೇನಾಪತಿಯ ಪಾತ್ರದವನಿಗೆ ಗಂಟಲು ಕಟ್ಟಿತು. "ನನಗೆ ಬಾಯಿಪಾಠ ಬರ್ತದೆ," ಎಂದು ಎದ್ದೆ. ಆಟ ಮುಗಿಯಿತು. ಜನ ಕುರ್ಚಿ ಬಿಟ್ಟು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಗಿನ ಅಧ್ಯಕ್ಷರು ಗುರುಶಾಂತಪ್ಪನವರು ನನ್ನ ಎರಡೂ ಕೈ ಹಿಡಿದು, "ಯಾವ ಕಂಪನ್ಯಾಗ ಇದ್ರಿ ಸಾಹೇಬ್ರ?" ಎಂದರು. ಬಣ್ಣ ಇನ್ನೂ ಮುಖದ ಮೇಲಿತ್ತು. ಒಂದು ಹೆಸರು ಬಾಯಿಂದ ಬಂತು. ನಿನ್ನನ್ನು ಎತ್ತಿಕೊಂಡು ಮುಂದಿನ ಸಾಲಿನಲ್ಲಿದ್ದ ರಾಜೀವಿ ತಮಾಷೆಯೆಂದು ನಕ್ಕಳು. ಮನೆಗೆ ಬಂದ ಮೇಲೆ, "ಇದೆಂತ ಹೇಳಿದ್ದು ನೀವು? ನಾಳೆ ಸರಿ ಮಾಡಿ," ಅಂದಳು. ನಾಳೆ, ನಾಳೆ ಎನ್ನುತ್ತಲೇ ಶಾಲು ಹೊದಿಸಿದರು, ಹಾರ ಹಾಕಿದರು, ರಂಗಕೇಸರಿ ಎಂದರು. ಕೊನೆಗೆ ನೀನು ಅದನ್ನು ಪಾರ್ಲಿಮೆಂಟಿನಲ್ಲಿ ಹೇಳಿದೆ. ಅವತ್ತು ರಾಜೀವಿ ಟಿವಿ ಆರಿಸಿ ಎದ್ದು ಹೋದಳು.

ಇನ್ನೂ ಒಂದು ಹೇಳಿ ಮುಗಿಸುತ್ತೇನೆ. ನಿನ್ನೆ ರಜೆ. ಪೆಟ್ಟಿಗೆಯ ತಳದಿಂದ, ಸೇನಾಪತಿಯ ಕಿರೀಟದ ಕೆಳಗಿನಿಂದ, ಜರ್ಮನ್ ಪೌರತ್ವದ ಆ ಕಾಗದಗಳನ್ನು ತೆಗೆದುಕೊಂಡು ಕೆರೆಯ ಪಾರ್ಕಿಗೆ ಹೋದೆ. ಸುಟ್ಟುಬಿಡೋಣ, ಯಾರಿಗೆ ತಿಳಿಯುತ್ತದೆ ಎಂದು. ಅಲ್ಲಿನ ಬಾರ್ಬೆಕ್ಯೂ ಒಲೆ ಗೊತ್ತಲ್ಲ, ಬೆಂಕಿಯಿಲ್ಲ, ಬಿಸಿ ತಗಡು ಮಾತ್ರ. ಹದ್ದಿನ ಮುದ್ರೆಯ ಆ ಕಾಗದವನ್ನು ಕೈಯಲ್ಲಿ ಹಿಡಿದು ತಗಡಿನ ಮೇಲೆ ಬಗ್ಗಿದ್ದೇನೆ, ಹಿಂದಿನಿಂದ ಧನರಾಜನ ದನಿ: "ಏನ್ ಅಂಕಲ್, ಪೇಪರ್ ದೋಸೆ ಹಾಕ್ತಿದೀರಾ?"

ಇಪ್ಪತ್ತು ವರ್ಷ ಬೆಂಕಿ ಕಾದವನು, ಮಗಾ! ಒಂದು ಕಾಗದ ಸುಡಲಾಗಲಿಲ್ಲ. ಸುಟ್ಟರೆ ಹೋಗುವುದು ನನ್ನ ಸುಳ್ಳಲ್ಲ, ನಿನ್ನ ದಾರಿ ಎಂದು ಆಗ ಹೊಳೆಯಿತು.

ಮೂಲ ಪ್ರತಿಯನ್ನೇ ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ. ಒಂದು ಮೂಲೆ ಕಂದಿದೆ. ಅದು ನಿನ್ನೆಯದು.

ಕಮಲಾಕ್ಷ


ಕೆಲ್ಲಿವಿಲ್
8 ಫೆಬ್ರುವರಿ 2025

ಅಪ್ಪ,

ಕಾಗದ ತಲುಪಿತು. ಮರುದಿನವೇ ನಿವೇದಿತಾಳ ಜೊತೆ ಜರ್ಮನ್ ಕಾನ್ಸುಲೇಟಿಗೆ ಹೋದೆ. ಹುಟ್ಟಿದಂದಿನಿಂದ ನಾನು ಜರ್ಮನಿಯ ಪ್ರಜೆ. ಅದನ್ನು ಬಿಡುವ ಅರ್ಜಿ ಕೊಟ್ಟಿದ್ದೇನೆ. ಕಿಟಕಿಯ ಆಚೆಗಿದ್ದ ಹೆಂಗಸು ಕನ್ನಡಕ ಇಳಿಸಿ, "ಈಗಷ್ಟೇ ಸಿಕ್ಕಿದ್ದನ್ನು ಇವತ್ತೇ ಬಿಡುತ್ತೀರಾ?" ಎಂದು ಕೇಳಿದರು. ಪತ್ರ ಜರ್ಮನಿಯಿಂದ ಬರಬೇಕು. ಎರಡು ತಿಂಗಳಾಗಬಹುದು, ಆರೂ ಆಗಬಹುದು. ಏಪ್ರಿಲಿನೊಳಗೆ ಬರದಿದ್ದರೆ ನಾನು ನಿಲ್ಲುವುದಿಲ್ಲ. ಪಾರ್ಟಿಗೆ ಹೇಳಿದ್ದೇನೆ. ನನ್ನ ಜಾಗಕ್ಕೆ ವೀರೇಂದ್ರ ಎಂಬುವನನ್ನು ಸಿದ್ಧ ಮಾಡಿ ಇಟ್ಟಿದ್ದಾರೆ. ನನ್ನ ಮೀಟಿಂಗುಗಳಿಗೆಲ್ಲ ಬಂದು ಹಿಂದಿನ ಸಾಲಿನಲ್ಲಿ ಕೂತು ನನ್ನ ಕೆಮ್ಮನ್ನೂ ಎಣಿಸುತ್ತಾನೆ. ನೀವು ನವೆಂಬರಿನಲ್ಲಿ ಹೇಳಿದ್ದರೆ ಮೂರು ತಿಂಗಳು ನನ್ನ ಕೈಯಲ್ಲಿರುತ್ತಿತ್ತು.

ನೀವು ಜರ್ಮನಿಗೆ ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ಆರು ವರ್ಷ ಮನೆಮನೆಯ ಬಾಗಿಲು ತಟ್ಟಿ ನಾನು ನಿಮ್ಮ ಡೇರೆಯ ಕಥೆ ಹೇಳಿದ್ದೇನೆ. ಸ್ಕೋಫೀಲ್ಡ್ಸ್‌ನ ಹೊಸ ಮನೆಯೊಂದರಲ್ಲಿ ಶ್ರೀದೇವಿ ಆಂಟಿ ಎಂಬುವರು ಅದನ್ನು ಕೇಳಿ ಕಣ್ಣೊರೆಸಿಕೊಂಡು ಓಟು ಹಾಕಿದರು. ಅವರಿಗೆ ಏನು ಹೇಳಲಿ? ಸೈಡ್ ವಿಂಗಿನಲ್ಲಿ ನಿಂತವಳಿಗೆ ಪೂರ್ತಿ ಪುಸ್ತಕ ಕೊಟ್ಟಿರಬೇಕಾಗಿತ್ತು ನೀವು.

ಸದ್ಯಕ್ಕೆ ಮೆಲ್ಬರ್ನಿಗೆ ಬರುವುದಿಲ್ಲ. ನೀವೂ ಬರಬೇಡಿ.

ಶ್ರದ್ಧಾ


ಕೋಬರ್ಗ್
1 ಏಪ್ರಿಲ್ 2025

ಮಗಾ,

ಫೆಬ್ರುವರಿಯಲ್ಲಿ ಎರಡು ಕಾಗದ, ಮಾರ್ಚಿನಲ್ಲಿ ಒಂದು ಹಾಕಿದೆ. ಉತ್ತರವಿಲ್ಲ. ಕೇಳುವ ಹಕ್ಕು ನನಗಿಲ್ಲ. ದಿನಕ್ಕೆ ನಾಲ್ಕು ಸಲ ಅಂಚೆಪೆಟ್ಟಿಗೆ ತೆರೆದು ನೋಡುತ್ತೇನೆ, ಅಂಚೆಯವನು ಬರುವುದು ಒಂದೇ ಸಲ ಎಂದು ಗೊತ್ತಿದ್ದೂ.

ಕೈಕಟ್ಟಿ ಕೂರಲಾಗಲಿಲ್ಲ. ಭಾನುವಾರ ಸಂಘದ ಯುಗಾದಿ ಇತ್ತು. ಸಭೆಯಲ್ಲಿ ನಾನೂರು ಜನ. ಪ್ರತಿ ವರ್ಷದ ಹಾಗೆ ಧನರಾಜ ಮೈಕು ಹಿಡಿದು, "ಈಗ ನಮ್ಮ ರಂಗಕೇಸರಿಯಿಂದ ಎರಡು ಡೈಲಾಗ್!" ಎಂದ. ಎದ್ದೆ. ಮೈಕು ಪಕ್ಕಕ್ಕಿಟ್ಟೆ. ಎಲ್ಲವನ್ನೂ ಹೇಳಿಬಿಟ್ಟೆ. ಹಂಚು, ಭಟ್ಟಿ, ಫ್ಯಾನು, ತುರ್ಕಿಯವನ ಟೋಪಿ, ಗುರುಶಾಂತಪ್ಪನವರಿಗೆ ಹೇಳಿದ ಸುಳ್ಳು, ಬಿಸಿ ತಗಡಿನ ಮೇಲೆ ಹಿಡಿದ ಕಾಗದ. "ನಾನು ರಂಗಕೇಸರಿಯಲ್ಲ, ಭಟ್ಟಿಯ ಕೂಲಿ. ನಲವತ್ತು ವರ್ಷ ನಿಮ್ಮೆಲ್ಲರಿಗೆ ಸುಳ್ಳು ಹೇಳಿದ್ದೇನೆ," ಎಂದು ಕೈಮುಗಿದು ನಿಂತೆ.

ಏನಾಯಿತು ಗೊತ್ತೇ? ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು! ಶಿಳ್ಳೆ ಹೊಡೆದರು! ಧನರಾಜ ಓಡಿಬಂದು ತಬ್ಬಿಕೊಂಡು ನನ್ನ ಒಳ್ಳೆಯ ಕಿವಿಯಲ್ಲಿ ಕೂಗಿದ: "ಅಂಕಲ್, ಸೂಪರ್! ಹೊಸ ಏಕಪಾತ್ರ, ಯಾರ್ ಬರೆದದ್ದು? ದೀಪಾವಳಿಗೆ ಇದನ್ನೇ ಇಡೋಣ!"

"ನಾಟಕ ಅಲ್ಲ ಮಾರಾಯ, ನಿಜ," ಅಂದೆ.

"ಅದೇ ಅಂಕಲ್, ಎಷ್ಟ್ ನ್ಯಾಚುರಲ್ ಆಗಿತ್ತು ಅಂದ್ರೆ!"

ಪ್ರತಿಯೊಬ್ಬರ ಕೈ ಹಿಡಿದು ಹೇಳಿದೆ. ಒಬ್ಬರೂ ನಂಬಲಿಲ್ಲ. ಮೂರು ಜನ ಸೆಲ್ಫಿ ತೆಗೆಸಿಕೊಂಡರು. ಸುಳ್ಳು ಹೇಳಲು ಬೆಳೆಸಿದ ದನಿ, ಮಗಾ. ಅದರಲ್ಲಿ ನಿಜ ಹೇಳಿದರೆ ಯಾರ ಕಿವಿಗೂ ನಿಜವಾಗಿ ಬೀಳುವುದಿಲ್ಲ.

ಮನೆಗೆ ಬಂದು ಗೋಡೆಯ ಮೇಲಿದ್ದ ನಿನ್ನ ಭಾಷಣದ ಕಟ್ಟನ್ನು ಇಳಿಸಿ, ಬಣ್ಣದ ಪೆಟ್ಟಿಗೆಯ ತಳದಲ್ಲಿ ಇಟ್ಟೆ.

ಜರ್ಮನಿಯ ಪತ್ರ ಬಂತೇ? ಅದೊಂದನ್ನು ಹೇಳು. ಹೂಂ ಅಥವಾ ಇಲ್ಲ, ಅಷ್ಟೇ ಸಾಕು.

ಅಪ್ಪ


ಕೆಲ್ಲಿವಿಲ್
9 ಏಪ್ರಿಲ್ 2025

ಅಪ್ಪ,

ಹೂಂ.

ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಕಾನ್ಸುಲೇಟಿನಿಂದ ಫೋನ್ ಬಂತು. ಜಯೇಶ್ ನಾರ್ತ್ ಸಿಡ್ನಿಯ ಆಫೀಸಿನಿಂದ ಮೀಟಿಂಗ್ ಬಿಟ್ಟು ಓಡಿಹೋಗಿ ನನಗಿಂತ ಮೊದಲೇ ಅಲ್ಲಿ ನಿಂತಿದ್ದ. ಪತ್ರ ಕೈಗೆ ಬಂದ ಹೊತ್ತಿಗೆ ನಾನು ಜರ್ಮನಿಯವಳಲ್ಲ. ಮಧ್ಯಾಹ್ನ ರಾಜ್ಯದ ಸೀಟಿಗೆ ರಾಜೀನಾಮೆ ಕೊಟ್ಟೆ. ಇವತ್ತು ಬೆಳಿಗ್ಗೆ ನಾಮಿನೇಷನ್ ಹಾಕಿದೆ. ಗಡುವು ಇದ್ದದ್ದು ನಾಳೆ ಹನ್ನೆರಡಕ್ಕೆ. ವೀರೇಂದ್ರ ಕೈಕುಲುಕಿ, "ವೆರಿ ಹ್ಯಾಪಿ ಫಾರ್ ಯು," ಎಂದ. ಅವನ ಕೋಟು ಹೊಸದಾಗಿತ್ತು, ಪಾಪ.

ಯುಗಾದಿಯ ವಿಷಯ ಓದಿ ನಗು ಬಂತು. ಆಮೇಲೆ ನಗು ಬರಲಿಲ್ಲ. ಇನ್ನು ಚುನಾವಣೆಯವರೆಗೆ, ಮೂರೂವರೆ ವಾರ, ನನಗೆ ಬರೆಯಲಾಗುವುದಿಲ್ಲ.

ಶ್ರದ್ಧಾ


ಕೆಲ್ಲಿವಿಲ್
14 ಜುಲೈ 2025

ಪ್ರೀತಿಯ ಅಪ್ಪನಿಗೆ,

ಗೆದ್ದ ದಿನ ಫೋನ್ ಮಾಡಿದಾಗ ಲೈನ್ ಕಟ್ಟಾಯಿತೆಂದುಕೊಂಡೆ. ಆಮೇಲೆ ಮೂಗು ಒರೆಸಿಕೊಂಡದ್ದು ಕೇಳಿಸಿತು. ನಿಮ್ಮಿಂದ ಅಷ್ಟು ಸಣ್ಣ ಸದ್ದು ನಾನು ಕೇಳಿದ್ದು ಅದೇ ಮೊದಲು.

ಮುಂದಿನ ವಾರ ಪಾರ್ಲಿಮೆಂಟ್ ಸೇರುತ್ತದೆ. ತಿಂಗಳ ಕೊನೆಗೆ ನನ್ನ ಮೊದಲ ಭಾಷಣ. ಇಪ್ಪತ್ತು ನಿಮಿಷ. ಇದರ ಜೊತೆ ಕರಡು ಇಟ್ಟಿದ್ದೇನೆ, ನಿಮಗಾಗಿ ಕನ್ನಡದಲ್ಲಿ. ಸ್ಕೋಫೀಲ್ಡ್ಸ್‌ನ ರಸ್ತೆಗಳಿವೆ, ಬಾಡಿಗೆ ಮನೆಗಳಿವೆ, ಅಮ್ಮ ಇದ್ದಾಳೆ. ಸಿಡ್ನಿಯ ಪಾರ್ಲಿಮೆಂಟಿನಲ್ಲಿ ನಾನು ಹಿಂದೆ ಆಡಿದ ಡೇರೆಯ ಮಾತು ತಪ್ಪಾಗಿತ್ತು, ಅದನ್ನು ತಿದ್ದುತ್ತಿದ್ದೇನೆ ಎಂಬ ಸಾಲೂ ಇದೆ. ಶ್ರೀದೇವಿ ಆಂಟಿಯ ಮನೆಗೆ ಹೋಗಿ ಮೊದಲೇ ಹೇಳಿ ಬಂದೆ. "ಹಂಚಿನ ಕೆಲಸಕ್ಕೆ ಯಾಕಮ್ಮ ನಾಚಿಕೆ? ನಮ್ಮೆಜಮಾನ್ರು ಇಲ್ಲಿ ಮೊದಲ ಎರಡು ವರ್ಷ ಕೋಳಿ ಕತ್ತರಿಸ್ತಿದ್ರು, ಊರಲ್ಲಿ ಹೇಳಿದ್ದು ಮ್ಯಾನೇಜರ್ ಅಂತ," ಅಂದರು.

ಮೂರನೇ ಪುಟದಲ್ಲಿ ಎರಡು ಸಾಲು ಖಾಲಿ ಬಿಟ್ಟಿದ್ದೇನೆ. 'ನನ್ನ ಅಪ್ಪ' ಎಂದು ಬರೆದು ನಿಲ್ಲಿಸಿದ್ದೇನೆ. ಉಳಿದದ್ದು ನಿಮ್ಮದು. ಸಂಘದ ಹಾಲಿನಲ್ಲಿ ನೀವು ಹೇಳಿದ್ದನ್ನು ಯಾರೂ ನಂಬಲಿಲ್ಲ. ಇಲ್ಲಿ ಹೇಳಿದ್ದು ಅಚ್ಚಾಗಿ ಉಳಿಯುತ್ತದೆ.

ಗ್ಯಾಲರಿಯ ಮೊದಲ ಸಾಲಿನಲ್ಲಿ ನಿಮಗೆ ಸೀಟು ಬುಕ್ ಮಾಡಿದ್ದೇನೆ. ಬೇಡ ಅನಿಸಿದರೆ ಆ ಸಾಲುಗಳನ್ನು ಹೊಡೆದುಹಾಕಿ ಕಳಿಸಿ. ಆಗಲೂ ಸೀಟು ನಿಮ್ಮದೇ.

ನಿಮ್ಮ ಮಗಳು,
ಶ್ರದ್ಧಾ


ಕೋಬರ್ಗ್
21 ಜುಲೈ 2025

ಮಗಾ ಶ್ರದ್ಧಾ,

ಒಂದು ವಾರ ಆ ಎರಡು ಸಾಲಿನ ಮುಂದೆ ಕೂತಿದ್ದೆ. ಮೊದಲ ದಿನ ಒಂದೂವರೆ ಪುಟ ಬರೆದೆ. ಅದರಲ್ಲಿ ಸಿಡಿಲಿತ್ತು, ರೈನ್ ನದಿ ಉಕ್ಕಿ ಹರಿಯುತ್ತಿತ್ತು, ಭಟ್ಟಿ ಬಾಯ್ದೆರೆದ ರಕ್ಕಸನಾಗಿತ್ತು. ಓದಿದೆ. ಎಲ್ಲ ಸೇನಾಪತಿಯ ಮಾತು. ಹರಿದೆ. ಮರುದಿನ ಮುಕ್ಕಾಲು ಪುಟವಾಯಿತು. ಅದರ ಮರುದಿನ ನಾಲ್ಕು ಸಾಲು. ಟ್ರಾಮ್ ಹತ್ತಲಿಲ್ಲ. ಹೊಳೆಗೂ ಹೋಗಲಿಲ್ಲ.

ಇದನ್ನು ಹೇಳು:

'ನನ್ನ ಅಪ್ಪ ಹನ್ನೆರಡು ವರ್ಷ ಜರ್ಮನಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಭಟ್ಟಿ ಕಾದರು. ನಾಟಕ ಕಂಪನಿಯಲ್ಲಿ ಅವರು ಒಂದು ದಿನವೂ ಇರಲಿಲ್ಲ.'

ಬೇರೇನೂ ಸೇರಿಸಬೇಡ. ದನಿ ಏರಿಸಬೇಡ.

ನಾನು ಬರುತ್ತೇನೆ. ಧನರಾಜನೂ ಬರುತ್ತಾನಂತೆ, ಕಾರಿನಲ್ಲಿ ಕರೆದುಕೊಂಡು ಬರುವವನು ಅವನೇ. ಭಾಷಣದಲ್ಲಿ ಏನಿದೆಯೆಂದು ಅವನಿಗೆ ನಾನು ಹೇಳಿಲ್ಲ. ನಿನ್ನ ಬಾಯಿಂದಲೇ ಕೇಳಲಿ. ಅಷ್ಟು ದೂರದಿಂದ ನನಗಂತೂ ಒಂದು ಪದವೂ ಕೇಳಿಸುವುದಿಲ್ಲ. ಆ ಸಾಲು ಮುಗಿದಾಗ ಒಮ್ಮೆ ತಲೆಯೆತ್ತಿ ಗ್ಯಾಲರಿಯ ಕಡೆ ನೋಡು. ಹೇಳಿ ಆಯಿತೆಂದು ನನಗೆ ತಿಳಿಯಬೇಕು.

ಟೋಪಿ ಹಾಕಿಕೊಂಡು ಬರುತ್ತೇನೆ. ನೀನು ನೋಡಿದಾಗ ತೆಗೆಯುತ್ತೇನೆ.

ನಿನ್ನ ಅಪ್ಪ,
ಕಮಲಾಕ್ಷ